ಗುಜರಿ ಟೆಂಪೊ ಬರುವ ಹಿಂದಿನ ರಾತ್ರಿ

ಪತ್ತಿನ ಸಹಕಾರ ಸಂಘಗಳ ಅಧ್ಯಕ್ಷರು, ನಿರ್ದೇಶಕರು ಹಾಗೂ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಸಹಕಾರಿ ಬಂಧುಗಳೇ,

ನಿಮ್ಮಲ್ಲಿ ಬಹಳಷ್ಟು ಮಂದಿ ಈಗ ಹಳೆ ಕಂಪ್ಯೂಟರುಗಳನ್ನು ಹೊರಹಾಕುವ ಯೋಚನೆಯಲ್ಲಿದ್ದೀರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹತ್ತು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆಂದು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿದ ಯೋಜನೆಯೇ ದೇಶದ 63,000 ಸಂಘಗಳದ್ದು, 2,516 ಕೋಟಿ ರೂಪಾಯಿಯದ್ದು. ಹೊಸದು ಒಳಗೆ ಬಂದರೆ ಹಳೆಯದು ಹೊರಗೆ ಹೋಗಲೇಬೇಕಲ್ಲ. ಅದು ಹೋಗುವ ದಾರಿಯೂ ಎಲ್ಲ ಕಡೆ ಒಂದೇ: ಆಡಳಿತ ಮಂಡಳಿಯ ಠರಾವು, ಮೂರು ಕೊಟೇಶನ್, ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಕೆಂಪು ಗೆರೆ, ಬಾಗಿಲಲ್ಲಿ ಗುಜರಿ ಟೆಂಪೊ. ಇಷ್ಟು ಕಾಗದಪತ್ರದ ನಡುವೆ ಆ ಯಂತ್ರದೊಳಗಿನ ಹಾರ್ಡ್ ಡಿಸ್ಕ್ ಅಳಿಸಿದ್ದು ಯಾರು, ಯಾವಾಗ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ.

ನಿಮ್ಮಂಥ ಸಂಘಗಳ ಕಂಪ್ಯೂಟರ್ ಸರ್ವಿಸ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಒಂದು ಸಂಘದ ಷೇರುದಾರನೂ ಹೌದು. ಹಾಗಾಗಿ ಈ ಪತ್ರದಲ್ಲಿ ಸ್ವಲ್ಪ ಸ್ವಾರ್ಥವೂ ಇದೆ: ನನ್ನ ಸಹಿಯ ಮಾದರಿ, ನನ್ನ ಆಧಾರ್ ಸ್ಕ್ಯಾನ್, ನಮ್ಮ ಮನೆಯ ಚಿನ್ನ ಎಷ್ಟು ಗ್ರಾಂ ಎಷ್ಟಕ್ಕೆ ಅಡವಿದೆ ಎಂಬ ಲೆಕ್ಕ ಅಂಥದೊಂದು ಡಿಸ್ಕಿನಲ್ಲಿದೆ. ನಿಮ್ಮ ಡಿಸ್ಕಿನಲ್ಲಿ ಇನ್ನೂ ಏನೇನಿದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಯಾರು ಯಾರಿಗೆ ಜಾಮೀನು ನಿಂತಿದ್ದಾರೆ, ಯಾರ ಕಂತು ಬಾಕಿ, ಯಾವ ಅಂಗಡಿಯಾತ ದಿನಕ್ಕೆ ಎಷ್ಟು ಪಿಗ್ಮಿ ಕಟ್ಟುತ್ತಾನೆ, ಠೇವಣಿಗೆ ಯಾರನ್ನು ನಾಮಿನಿ ಮಾಡಿ ಯಾರನ್ನು ಬಿಟ್ಟಿದ್ದಾರೆ. ದೊಡ್ಡ ಊರಿನಲ್ಲಿ ಇವು ಬರೀ ಅಂಕಿಗಳು. ತಾಲ್ಲೂಕು ಕೇಂದ್ರದಲ್ಲಿ, ಹೋಬಳಿಯಲ್ಲಿ ಇವು ಮನೆತನದ ಮಾನದ ಪ್ರಶ್ನೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ ಕಾಲದಿಂದ ಈಚೆಗೆ ಕಂಪ್ಯೂಟರ್ ಬರುವವರೆಗೂ ಸಂಘದ ಗುಟ್ಟು ಇದ್ದದ್ದು ಕಾಗದದ ವಹಿಗಳಲ್ಲಿ. ಕಬ್ಬಿಣದ ಕಪಾಟು ಮಾರುವಾಗ ಒಳಗಿನ ಖಾತೆ ವಹಿಗಳ ಸಮೇತ ಮಾರಿದ ಕಾರ್ಯದರ್ಶಿಯನ್ನು ನಾನು ಕೇಳಿಲ್ಲ. ಕಂಪ್ಯೂಟರಿನ ವಿಷಯಕ್ಕೆ ಬಂದರೆ ಎಲ್ಲರೂ ಮಾಡುವುದು ಅದನ್ನೇ.

“ಇಲ್ಲಪ್ಪ, ಎಲ್ಲ ಡಿಲೀಟ್ ಮಾಡಿಸಿದ್ದೇವೆ, ಫಾರ್ಮ್ಯಾಟ್ ಹೊಡೆಸಿದ್ದೇವೆ” ಎನ್ನುತ್ತೀರಿ. ಡಿಲೀಟ್ ಒತ್ತುವುದು, ಕ್ವಿಕ್ ಫಾರ್ಮ್ಯಾಟ್ ಹೊಡೆಯುವುದು ಎಂದರೆ ಖಾತೆ ವಹಿಯ ಮೊದಲಲ್ಲಿರುವ ಅನುಕ್ರಮಣಿಕೆಯನ್ನಷ್ಟೇ ಹರಿದ ಹಾಗೆ. ಯಾರ ಖಾತೆ ಯಾವ ಪುಟದಲ್ಲಿದೆ ಎಂಬ ಪಟ್ಟಿ ಹೋಯಿತು, ಪುಟಗಳೆಲ್ಲ ಹಾಗೇ ಇವೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಅವು ಅಲ್ಲೇ ಇರುತ್ತವೆ. ಕ್ರಿಸ್ಟೋಫ್ ಗ್ರೆನಿಯೆ ಎಂಬಾತ ಬರೆದ ಫೋಟೋರೆಕ್ ಎಂಬ ತಂತ್ರಾಂಶ ಪುಟಗಳನ್ನು ಒಂದೊಂದಾಗಿ ಓದಿ ಫೋಟೋ, ಪಿಡಿಎಫ್, ಎಕ್ಸೆಲ್ ಕಡತಗಳನ್ನು ಮತ್ತೆ ಎತ್ತಿ ಕೊಡುತ್ತದೆ. ಅದು ಉಚಿತ. ಡಿಪ್ಲೊಮಾ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾನೆ.

ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ ಅಮೆರಿಕದ ಎಂಐಟಿಯಲ್ಲಿದ್ದಾಗ ಮಾಡಿದ ಕೆಲಸ ಇಂದಿಗೂ ಓದತಕ್ಕದ್ದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಾರ್ಡ್ ಡಿಸ್ಕ್ ಕೊಂಡು ತೆರೆದು ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದವು ಹನ್ನೆರಡೇ ಹನ್ನೆರಡು. ಒಂದು ಡಿಸ್ಕು ಇಲಿನಾಯ್ ರಾಜ್ಯದ ಎಟಿಎಂ ಒಂದರಿಂದ ಬಂದದ್ದು, ಗ್ರಾಹಕರ ಖಾತೆ ಸಂಖ್ಯೆಗಳ ಸಮೇತ. ಅದಾಗಿ ಇಪ್ಪತ್ತು ವರ್ಷವಾಯಿತು, ಈಗ ಎಲ್ಲರೂ ಹುಷಾರಾಗಿದ್ದಾರೆ ಎನ್ನುವಿರಾದರೆ ಮಾರ್ಗನ್ ಸ್ಟಾನ್ಲಿಯ ಕಥೆ ಇದೆ. ಹಳೆ ಸರ್ವರ್ ಮತ್ತು ಡಿಸ್ಕುಗಳನ್ನು ವಿಲೇವಾರಿ ಮಾಡಲು ಆ ಸಂಸ್ಥೆ ಹಿಡಿದದ್ದು ಮನೆ ಸಾಮಾನು ಸಾಗಿಸುವ, ಡೇಟಾ ಅಳಿಸುವ ಅನುಭವವೇ ಇಲ್ಲದ ಕಂಪನಿಯನ್ನು. ಡಿಸ್ಕುಗಳು ಕೈಯಿಂದ ಕೈಗೆ ಹೋಗಿ ಆನ್‌ಲೈನ್ ಹರಾಜಿಗೆ ಬಂದವು. ಕೊಂಡವನೊಬ್ಬ “ನಿಮ್ಮ ಡೇಟಾ ನನಗೆ ಕಾಣುತ್ತಿದೆ” ಎಂದು ಅವರಿಗೇ ತಿಳಿಸಬೇಕಾಯಿತು. ಅಲ್ಲಿನ ನಿಯಂತ್ರಕರು 2020ರಲ್ಲಿ 6 ಕೋಟಿ ಡಾಲರ್, 2022ರಲ್ಲಿ ಮತ್ತೆ ಮೂರೂವರೆ ಕೋಟಿ ಡಾಲರ್ ದಂಡ ಹಾಕಿದರು. ಅಷ್ಟು ದೊಡ್ಡ ಸಂಸ್ಥೆ ಮಾಡಿದ್ದೂ ನೀವು ಮಾಡುವುದೂ ಒಂದೇ: ಡಿಸ್ಕನ್ನು ಮೊದಲು ಹೊರಗೆ ಕಳಿಸಿ, ಅಳಿಸುವುದನ್ನು ಒಯ್ದವನಿಗೆ ಬಿಟ್ಟದ್ದು.

ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಜನರ ಮಾಹಿತಿ ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಹೆದರಿಸಲು ಹೇಳುತ್ತಿಲ್ಲ, ಆ ಮೊತ್ತ ನಮ್ಮಂಥವರ ಮೇಲೆ ಬೀಳುತ್ತದೆಂದು ನಾನು ನಂಬುವುದೂ ಇಲ್ಲ. ಮಹಾಸಭೆಯಲ್ಲಿ ಸದಸ್ಯನೊಬ್ಬ ಎದ್ದು ನಿಂತು ತನ್ನ ಆಧಾರ್ ಪ್ರತಿ ಗುಜರಿ ಅಂಗಡಿಯಲ್ಲಿ ಸಿಕ್ಕಿತೆಂದು ಹೇಳಿದರೆ ಸಾಕು, ಠೇವಣಿ ಹಿಂದಕ್ಕೆ ಕೇಳುವವರ ಸಾಲು ಮರುದಿನವೇ ಶುರು.

ಕೆಲಸಕ್ಕೆ ಕೈಹಾಕುವ ಮುಂಚೆ ಒಂದು ತಡೆ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಕಲಂ 64ರ ವಿಚಾರಣೆ ನಡೆಯುತ್ತಿದ್ದರೆ, ಕಲಂ 70ರ ದಾವಾ ಇದ್ದರೆ, ಲೆಕ್ಕಪರಿಶೋಧಕರ ಆಕ್ಷೇಪಣೆ ತೀರದಿದ್ದರೆ, ಆ ಲೆಕ್ಕ ಇರುವ ಡಿಸ್ಕನ್ನು ಮುಟ್ಟಲೇಬೇಡಿ. ತೆಗೆದು ಲಕೋಟೆಗೆ ಹಾಕಿ ಅರಗು ಒತ್ತಿ ತಿಜೋರಿಯಲ್ಲಿಡಿ. ಸಾಕ್ಷ್ಯ ಅಳಿಸಿದಿರೆಂಬ ಆರೋಪ ಬಂದರೆ ಈ ಪತ್ರ ನಿಮ್ಮನ್ನು ಉಳಿಸುವುದಿಲ್ಲ. ಸೌಹಾರ್ದದವರು 1997ರ ಕಾಯ್ದೆಯಲ್ಲಿ ತಮಗೆ ತಕ್ಕ ಕಲಂ ನೋಡಿಕೊಳ್ಳಿ. ಇದೇನೂ ಇಲ್ಲವಾದರೆ ಬ್ಯಾಕಪ್. ಬ್ಯಾಕಪ್ ಇದೆ ಎಂದು ಯಾರೋ ಹೇಳಿದರೆ ಸಾಲದು, ಅದನ್ನು ಹೊಸ ಯಂತ್ರದಲ್ಲಿ ತೆರೆದು ಮೂರು ವರ್ಷದ ಹಿಂದಿನ ಅಢಾವೆ ಪತ್ರಿಕೆ ಮುದ್ರಿಸಿ ನೋಡಿ. ಬಂದರೆ ಬ್ಯಾಕಪ್ ಇದೆ. ಆಮೇಲೆ ಆ ಬ್ಯಾಕಪ್ ಡಿಸ್ಕನ್ನು ಬಿಚ್ಚಿ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಅಳಿಸುವ ತಂತ್ರಾಂಶಕ್ಕೆ ನಿಮ್ಮ ಬ್ಯಾಕಪ್ ಡಿಸ್ಕೂ ಒಂದು ಡಿಸ್ಕ್ ಅಷ್ಟೇ.

ಅಳಿಸುವುದು ದುಬಾರಿ ಎಂಬ ಭಯ ಎಲ್ಲಿಂದ ಬಂತೋ. ಬಹುಶಃ 35 ಸಲ ಮೇಲೆ ಮೇಲೆ ಬರೆಯಬೇಕು ಎಂಬ ಮಾತಿನಿಂದ. ಪೀಟರ್ ಗುಟ್ಮನ್ 1996ರಲ್ಲಿ ಬರೆದ ಪ್ರಬಂಧದ ಸಂಖ್ಯೆ ಅದು. ಅಂದಿನ ಹಲವು ಬಗೆಯ ಡಿಸ್ಕುಗಳಿಗೆಲ್ಲ ಸೇರಿಸಿ ಹೇಳಿದ್ದು, ಒಂದೇ ಡಿಸ್ಕಿಗೆ ಅಷ್ಟೂ ಸಲ ಮಾಡುವುದರಲ್ಲಿ ಅರ್ಥವಿಲ್ಲವೆಂದು ಆಮೇಲೆ ಅವರೇ ಸ್ಪಷ್ಟಪಡಿಸಿದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ 800-88 ಮಾರ್ಗಸೂಚಿಯಲ್ಲಿ ಹೇಳಿದ್ದು ಇಷ್ಟು: ತಿರುಗುವ ತಟ್ಟೆಯ ಡಿಸ್ಕಿಗೆ ಒಂದೇ ಒಂದು ಸಲ, ಬರೀ ಸೊನ್ನೆಗಳನ್ನು ತುದಿಯಿಂದ ತುದಿಗೆ ಬರೆದರೂ ಸಾಮಾನ್ಯವಾಗಿ ಪ್ರಯೋಗಾಲಯದವರಿಗೂ ಹಳೆಯದನ್ನು ಎತ್ತಲು ಆಗದು. ಒಂದು ಸಲ ಬರೆಯಿರಿ, ಬರೆದದ್ದು ನಿಜವೇ ಎಂದು ಒಂದು ಸಲ ಓದಿಸಿ. ಮುಗಿಯಿತು. ಡಿಸ್ಕಿಗಿಷ್ಟು ಎಂದು ಕಾಸು ಕೇಳುವ ತಂತ್ರಾಂಶ, ಅಯಸ್ಕಾಂತದ ದೊಡ್ಡ ಯಂತ್ರ ಯಾವುದೂ ನಿಮಗೆ ಬೇಡ.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹನ್ನೆರಡು ಕಂಪ್ಯೂಟರ್ ಮಾರಬೇಕಾಗಿದೆ ಎಂದಿಟ್ಟುಕೊಳ್ಳಿ. ಹನ್ನೆರಡು ಡಿಸ್ಕನ್ನು ಒಟ್ಟಿಗೆ ಅಳಿಸುವ ಉಪಕರಣ ಎಷ್ಟಾಗುತ್ತದೆ ಎಂದು ನನ್ನಂಥವರನ್ನು ಕೇಳುತ್ತೀರಿ. ಆ ಉಪಕರಣ ಆಗಲೇ ನಿಮ್ಮ ಮುಂದಿದೆ. ಡಿಸ್ಕು ಕೂತಿರುವ ಕಂಪ್ಯೂಟರೇ ಅದನ್ನು ಅಳಿಸುವ ಯಂತ್ರ. ಅಲ್ಲಿ ಪವರ್ ಇದೆ, ಕೇಬಲ್ ಇದೆ, ಫ್ಯಾನ್ ಇದೆ. ಒಂದೂ ಸ್ಕ್ರೂ ಬಿಚ್ಚದೆ, ಹನ್ನೆರಡೂ ಏಕಕಾಲಕ್ಕೆ ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ. ಆದರೆ ಅವನ್ನು ಟೆಂಪೊಗೆ ಹತ್ತಿಸುವ ಮುಂಚೆ ಮಾಡಬೇಕು. ಬಿಚ್ಚಿದ ಮೇಲೆ, ಡಿಸ್ಕೆಲ್ಲ ಗೋಣಿಚೀಲಕ್ಕೆ ಬಿದ್ದ ಮೇಲೆ ಖರ್ಚು ಶುರುವಾಗುತ್ತದೆ.

ಬೇಕಾದದ್ದು ಒಂದು ಪೆನ್‌ಡ್ರೈವ್, 4 ಜಿಬಿಯದಾದರೂ ಸಾಕು. ಶ್ರೆಡ್‌ಓಎಸ್ ಎಂಬ ಉಚಿತ ವ್ಯವಸ್ಥೆ ಇದೆ. ಅದನ್ನು ಇಳಿಸಿಕೊಂಡು ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಹಳಬರಿಗೆ ಡಿಬಾನ್ ನೆನಪಿರಬಹುದು. ಅದು 2015ರ ನಂತರ ಹೊಸ ಆವೃತ್ತಿ ಕಂಡಿಲ್ಲ, ಶ್ರೆಡ್‌ಓಎಸ್ ಒಳಗಿರುವ ಎನ್‌ವೈಪ್ ಅದೇ ವಂಶದ್ದು. ಹಳೆ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ಬೂಟ್ ಮೆನು ತೆರೆದು, ಅದರಿಂದ ಚಾಲೂ ಮಾಡಿ. ಸೆಕ್ಯೂರ್ ಬೂಟ್ ಇದ್ದರೆ ಬಯಾಸ್‌ನಲ್ಲಿ ಆಫ್ ಮಾಡಬೇಕು. ಚಾಲೂ ಆದಮೇಲೆ ಇಡೀ ವ್ಯವಸ್ಥೆ ರ್ಯಾಮ್‌ನಲ್ಲೇ ಓಡುತ್ತದೆ. ಹಾಗಾಗಿ ಪೆನ್‌ಡ್ರೈವ್ ಕಿತ್ತು ಪಕ್ಕದ ಯಂತ್ರಕ್ಕೆ ಚುಚ್ಚಬಹುದು. ಒಂದೇ ಪೆನ್‌ಡ್ರೈವ್ ಹನ್ನೆರಡು ಮೇಜು ಸುತ್ತಿ ಬರುತ್ತದೆ.

ಪರದೆಯಲ್ಲಿ ಡಿಸ್ಕುಗಳ ಪಟ್ಟಿ ಮಾದರಿ ಹೆಸರು, ಸೀರಿಯಲ್ ನಂಬರ್ ಸಮೇತ ಬರುತ್ತದೆ. ಪೆನ್‌ಡ್ರೈವೂ ಅದರಲ್ಲಿ ಇಣುಕಬಹುದು, ಅದನ್ನು ಬಿಡಿ. ಹಾರ್ಡ್ ಡಿಸ್ಕಿನ ಮೇಲೆ ಸ್ಪೇಸ್ ಬಾರ್ ಒತ್ತಿ ಗುರುತು ಮಾಡಿ. ‘ಎಂ’ ಕೀ ಒತ್ತಿದರೆ ವಿಧಾನಗಳ ಪಟ್ಟಿ. ಸೊನ್ನೆ ತುಂಬುವುದನ್ನು ಆರಿಸಿ, ಇಲ್ಲವಾದರೆ ಅದು ತಾನೇ ಇಟ್ಟುಕೊಂಡ ಬೇರೊಂದು ವಿಧಾನದಲ್ಲಿ ಗಂಟೆಗಟ್ಟಲೆ ಹೆಚ್ಚು ಓಡೀತು. ‘ವಿ’ ಒತ್ತಿ ಕೊನೆಯ ಸುತ್ತನ್ನು ತಪಾಸಣೆ ಮಾಡುವಂತೆ ಹೇಳಿ. ಆಮೇಲೆ ಶಿಫ್ಟ್ ಜೊತೆ ‘ಎಸ್’. ಅಲ್ಲಿಂದ ಮುಂದೆ ವಾಪಸ್ ಬರುವ ದಾರಿಯಿಲ್ಲ. ಆದ್ದರಿಂದ ಆ ಕೀ ಒತ್ತುವಾಗ ಕಾರ್ಯದರ್ಶಿ ಪಕ್ಕದಲ್ಲಿರಲಿ.

500 ಜಿಬಿ ಡಿಸ್ಕು ಸೆಕೆಂಡಿಗೆ ಸರಾಸರಿ 90 ಎಂಬಿ ಬರೆದರೆ ಒಂದೂವರೆ ಗಂಟೆ, ಓದಿ ತಪಾಸಣೆಗೆ ಮತ್ತೆ ಅಷ್ಟೇ. ಸಂಜೆ ಕೌಂಟರ್ ಮುಚ್ಚಿ ಶುರುಮಾಡಿದರೆ ರಾತ್ರಿ ಊಟದ ಹೊತ್ತಿಗೆ ಆಗುತ್ತದೆ. 1 ಟಿಬಿಯದಾದರೆ ಮಲಗಿ ಬೆಳಿಗ್ಗೆ ಬಂದು ನೋಡಿ. ಮಾನಿಟರ್ ಆರಿಸಿಟ್ಟರೆ ಹಳೆ ಡೆಸ್ಕ್‌ಟಾಪ್ ಅರವತ್ತು ವಾಟ್ ಆಸುಪಾಸು ಎಳೆಯುತ್ತದೆ. ಹನ್ನೆರಡು ಯಂತ್ರ ಆರು ಗಂಟೆ ಓಡಿದರೂ ಐದು ಯೂನಿಟ್ ಮುಟ್ಟುವುದಿಲ್ಲ. ಮಧ್ಯೆ ಕರೆಂಟ್ ಹೋದರೆ ಮೊದಲಿಂದ ಶುರುಮಾಡಬೇಕು, ಬೇರೇನೂ ನಷ್ಟವಿಲ್ಲ. ಮುಗಿದ ಪರದೆಯನ್ನು ಸೀರಿಯಲ್ ನಂಬರ್ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಪೆನ್‌ಡ್ರೈವ್, ಬೂಟ್ ಮೆನು ಎಲ್ಲ ರಗಳೆ ಎನ್ನುವವರಿಗೆ ವಿಂಡೋಸ್‌ನಲ್ಲೇ ಡಿಸ್ಕ್‌ಪಾರ್ಟ್ ಇದೆ. ಅದರ ‘ಕ್ಲೀನ್ ಆಲ್’ ಆಜ್ಞೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಬರೀ ‘ಕ್ಲೀನ್’ ಎಂದರೆ ಅನುಕ್ರಮಣಿಕೆ ಹರಿದಷ್ಟೇ. ತಾನು ಕೂತಿರುವ ಡಿಸ್ಕನ್ನು ವಿಂಡೋಸ್ ತಾನೇ ಅಳಿಸಲಾರದು, ಹಾಗಾಗಿ ಇದು ಹೊರಗಿಂದ ಜೋಡಿಸಿದ ಡಿಸ್ಕುಗಳಿಗೆ ಮಾತ್ರ.

ಹೊರಗಿನ ಡಿಸ್ಕು ಎಂದಾಗ ನೆನಪಾಯಿತು. ಪ್ರತಿ ಸಂಘದ ಬೀರುವಿನಲ್ಲೂ ಬಿಚ್ಚಿಟ್ಟ ಡಿಸ್ಕುಗಳ ಒಂದು ಡಬ್ಬಿ ಇರುತ್ತದೆ. ನಲವತ್ತು ಜಿಬಿಯ ಐಡಿಇ ಕಾಲದವೂ ಅದರಲ್ಲಿ ಸಿಗುತ್ತವೆ. ಇವನ್ನು ಒಂದೊಂದಾಗಿ ಯುಎಸ್‌ಬಿ 2 ಕೇಬಲ್ಲಿಗೆ ಸಿಕ್ಕಿಸಿ ಕೂತರೆ 500 ಜಿಬಿಗೆ ನಾಲ್ಕು ಗಂಟೆ ಮೀರುತ್ತದೆ. ಬದಲಿಗೆ ಮಾರಲು ಇಟ್ಟ ಯಂತ್ರಗಳಲ್ಲಿ ಗಟ್ಟಿಯಾದದ್ದೊಂದನ್ನು ಸಾಟಾ ಡಿಸ್ಕುಗಳಿಗೆಂದು ಉಳಿಸಿಕೊಳ್ಳಿ. ಮದರ್‌ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟ್ ಸಾಮಾನ್ಯ. ಸರ್ವರ್‌ಗಳಿಂದ ಬಿಚ್ಚಿದ ಎಂಟು ಡಿಸ್ಕಿನ ಎಲ್‌ಎಸ್‌ಐ ಕಾರ್ಡುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ನಾಲ್ಕಾರು ಸಂಘದವರು ಸೇರಿ ಒಂದು ಕೊಂಡರೆ ವರ್ಷಗಟ್ಟಲೆ ಸುತ್ತಾಡಿಸಬಹುದು. ಕೆಲಸಕ್ಕೆ ಕೂರುವ ಮುಂಚೆ ಆ ಯಂತ್ರದ ಸ್ವಂತ ಡಿಸ್ಕನ್ನು ಬಿಚ್ಚಿಡಿ.

ಇಲ್ಲಿ ಜನ ಎಡವುವುದು ಪವರ್ ಸಪ್ಲೈನಲ್ಲಿ. ಮೂರೂವರೆ ಇಂಚಿನ ಡಿಸ್ಕು ಸುತ್ತಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟ್ ತಂತಿಯಲ್ಲಿ ಎರಡು ಆಂಪಿಯರ್ ತನಕ ಎಳೆಯುತ್ತದೆ. ಎಂಟು ಒಟ್ಟಿಗೆ ಎದ್ದರೆ ಸುಮಾರು 190 ವಾಟ್, ಆಮೇಲೆ ಒಂದೊಂದೂ ಹತ್ತು ವಾಟಿನೊಳಗೆ ತಣ್ಣಗಾಗುತ್ತದೆ. ಒಳ್ಳೆಯ 450 ವಾಟಿನ ಎಸ್‌ಎಂಪಿಎಸ್ ಇದನ್ನು ತಾಳುತ್ತದೆ. ಹೆಸರಿಲ್ಲದ ಅಗ್ಗದ್ದು ತಾಳುವುದಿಲ್ಲ. ಪವರ್ ಕನ್ವರ್ಟರ್ ಕೇಬಲ್ ಕೊಳ್ಳುವಾಗ ಪ್ಲಾಸ್ಟಿಕ್ ಎರಕ ಹೊಯ್ದ ಪ್ಲಗ್ ಇರುವುದನ್ನು ಬಿಟ್ಟು, ತಂತಿಯನ್ನು ಒತ್ತಿ ಕೂರಿಸಿದ ಪ್ಲಗ್ಗಿನದನ್ನು ಕೇಳಿ. ಮೊದಲನೆಯವು ಒಳಗೇ ಶಾರ್ಟ್ ಆಗಿ ಸುಡುವುದುಂಟು. ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸದೆ ಮರದ ಮೇಜಿನ ಮೇಲೆ ಹರಡಿ, ಟೇಬಲ್ ಫ್ಯಾನ್ ತಿರುಗಿಸಿಡಿ. ಎನ್‌ವೈಪ್ ಪರದೆಯಲ್ಲೇ ಶಾಖ ಕಾಣುತ್ತದೆ, 55 ಡಿಗ್ರಿ ದಾಟಲು ಬಿಡಬೇಡಿ.

ಡಿಸ್ಕಿನೊಳಗೇ ಅಳಿಸುವ ಆಜ್ಞೆಯೂ ಇದೆ, ಸೆಕ್ಯೂರ್ ಎರೇಸ್ ಎಂದು. ಲಿನಕ್ಸ್‌ನ ಎಚ್‌ಡಿಪಾರ್ಮ್‌ನಿಂದ ಅಪ್ಪಣೆ ಕೊಟ್ಟರೆ ಡಿಸ್ಕು ತನ್ನಷ್ಟಕ್ಕೆ ಅಳಿಸಿಕೊಳ್ಳುತ್ತದೆ. ಕೇಬಲ್ಲಿನಲ್ಲಿ ಡೇಟಾ ಓಡುವುದೇ ಇಲ್ಲವಾದ್ದರಿಂದ ಎಷ್ಟು ಡಿಸ್ಕಿದ್ದರೂ ಯಂತ್ರಕ್ಕೆ ಭಾರವಿಲ್ಲ. ಡಿಸ್ಕು ‘ಫ್ರೋಜನ್’ ಎಂದು ತೋರಿಸಿದರೆ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿದರೆ ಹೆಚ್ಚಾಗಿ ಬಿಡುತ್ತದೆ. ಆದರೆ ಮಧ್ಯದಲ್ಲಿ ಕರೆಂಟ್ ಹೋದರೆ ಡಿಸ್ಕಿಗೆ ಪಾಸ್‌ವರ್ಡ್ ಬೀಗ ಬಿದ್ದು ಕೂರುತ್ತದೆ, ಅದೇ ಪಾಸ್‌ವರ್ಡಿನಿಂದ ಮತ್ತೆ ಮಾಡಬೇಕು. ಯುಪಿಎಸ್ ಇಲ್ಲದ ಕಡೆ ತಿರುಗುವ ಡಿಸ್ಕುಗಳಿಗೆ ನಾನು ಇದನ್ನು ಬಳಸುವುದಿಲ್ಲ.

ಎಸ್‌ಎಸ್‌ಡಿಗೆ ಮಾತ್ರ ಇದೇ ಬೇಕು. ನಿಮ್ಮಲ್ಲಿ ಹಲವರು ಹಳೆ ಯಂತ್ರ ಚುರುಕಾಗಲೆಂದು 240 ಜಿಬಿ ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದೀರಿ. ಚಿಪ್ಪುಗಳು ಸಮನಾಗಿ ಸವೆಯಲೆಂದು ಅದು ಬರಹದ ಜಾಗವನ್ನು ತಾನೇ ಬದಲಿಸುತ್ತಾ ಇರುತ್ತದೆ, ಕಣ್ಣಿಗೆ ಕಾಣದ ಹೆಚ್ಚುವರಿ ಜಾಗವನ್ನೂ ಇಟ್ಟುಕೊಂಡಿರುತ್ತದೆ. ನೀವು ತುದಿಯಿಂದ ತುದಿಗೆ ಸೊನ್ನೆ ಬರೆದೆವೆಂದುಕೊಂಡರೂ ಹಳೆ ಚೂರುಗಳು ಉಳಿಯಬಹುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲೇ ತೋರಿಸಿದರು. ಕೆಲವು ಡ್ರೈವ್‌ಗಳ ಒಳಗಿನ ಅಳಿಸುವ ಆಜ್ಞೆಯೇ ಸರಿಯಾಗಿ ಕೆಲಸ ಮಾಡದ್ದನ್ನೂ ಅವರು ಕಂಡರು. ಹಾಗಾಗಿ ಎಸ್‌ಎಸ್‌ಡಿಗೆ ತಯಾರಕರದೇ ತಂತ್ರಾಂಶದಿಂದ ಅಥವಾ ಎಚ್‌ಡಿಪಾರ್ಮ್‌ನಿಂದ ಸೆಕ್ಯೂರ್ ಎರೇಸ್ ಮಾಡಿ; ನಿಮಿಷಗಳ ಕೆಲಸ. ಆಮೇಲೆ ಫೋಟೋರೆಕ್ ಓಡಿಸಿ, ಏನಾದರೂ ಸಿಗುತ್ತದೆಯೇ ನೋಡಿ. ಹೊಸ ಯಂತ್ರಗಳಿಗೆ ಮೊದಲ ದಿನವೇ ಬಿಟ್‌ಲಾಕರ್ ಹಾಕಿಸಿ, ಕೀಲಿ ಸಂಖ್ಯೆಯನ್ನು ತಿಜೋರಿಯಲ್ಲಿಟ್ಟರೆ ಮುಂದಿನ ಸಲ ಈ ತಲೆನೋವು ಅರ್ಧ ಇಳಿಯುತ್ತದೆ.

ಕಟಕಟ ಸದ್ದು ಮಾಡುವ, ಪಟ್ಟಿಯಲ್ಲೇ ಕಾಣದ, ತಪಾಸಣೆಯಲ್ಲಿ ತಪ್ಪು ತೋರಿಸುವ ಡಿಸ್ಕುಗಳು ನಾಲ್ಕಾರು ಉಳಿದೇ ಉಳಿಯುತ್ತವೆ. ಸುತ್ತಿಗೆ ಹಿಡಿಯಬೇಕಾದದ್ದು ಇವಕ್ಕೆ ಮಾತ್ರ. ನಕ್ಷತ್ರದ ತಲೆಯ ಟಿ8 ಸ್ಕ್ರೂಡ್ರೈವರಿನಿಂದ ಮುಚ್ಚಳ ತೆಗೆದು ತಟ್ಟೆಗಳನ್ನು ಹೊರತೆಗೆಯಿರಿ. ಡೆಸ್ಕ್‌ಟಾಪ್ ಡಿಸ್ಕಿನವು ಬಹುಮಟ್ಟಿಗೆ ಅಲ್ಯುಮಿನಿಯಂ, ಇಕ್ಕಳದಿಂದ ಬಗ್ಗಿಸಿ ಗೀರಿ. ಲ್ಯಾಪ್‌ಟಾಪಿನವು ಹೆಚ್ಚಾಗಿ ಗಾಜು. ಗೋಣಿಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಒಡೆಯಿರಿ. ಚೂರುಗಳು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಹೋಗಲಿ. ಚೆನ್ನಾಗಿರುವ ಡಿಸ್ಕಿಗೂ ಡ್ರಿಲ್ ಹಾಕಿಸುವ ಉತ್ಸಾಹಿ ನಿರ್ದೇಶಕರಿದ್ದಾರೆ. ದಯವಿಟ್ಟು ಬೇಡ. ಡಿಸ್ಕಿಲ್ಲದ ಯಂತ್ರಕ್ಕೆ ಗುಜರಿ ಬೆಲೆ. ಅಳಿಸಿದ ಡಿಸ್ಕಿರುವ ಯಂತ್ರ ಊರಿನ ಸರ್ಕಾರಿ ಪ್ರೌಢಶಾಲೆಗೆ ಇನ್ನೂ ನಾಲ್ಕು ವರ್ಷ ಲಿನಕ್ಸ್ ಹಾಕಿಕೊಂಡು ಬಾಳುತ್ತದೆ.

ಮರೆತುಹೋಗುವ ಎರಡು ಡಿಸ್ಕುಗಳಿವೆ. ಒಂದು ಸಿಸಿಟಿವಿಯ ಡಿವಿಆರ್‌ನೊಳಗಿನದು, ಚಿನ್ನ ಅಡವಿಡಲು ಬಂದವರ ಮುಖಗಳಿರುವುದು. ಇನ್ನೊಂದು ಆಳೆತ್ತರದ ಝೆರಾಕ್ಸ್ ಯಂತ್ರದೊಳಗಿನದು. ಅಂಥ ಹಲವು ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ, ತೆಗೆದ ಪ್ರತಿಗಳ ಚಿತ್ರ ಅದರಲ್ಲಿ ಉಳಿಯಬಹುದು. ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಅಮೆರಿಕದ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆ ಝೆರಾಕ್ಸ್ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿತ್ತು. 2013ರಲ್ಲಿ ಅದಕ್ಕಾಗಿ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚು ಕಟ್ಟಿತು. ಸದಸ್ಯರ ಆಧಾರ್, ಪ್ಯಾನ್, ಪಹಣಿ ಎಲ್ಲ ಮೊದಲು ಹಾಯ್ದು ಬರುವುದೇ ಆ ಗಾಜಿನ ಮೇಲೆ.

ಕಂಪ್ಯೂಟರಿನವನಿಗೆ ಹೇಳಿದ್ದೇವೆ, ನೋಡಿಕೊಳ್ಳುತ್ತಾನೆ ಎಂದು ನೀವು ಬಿಟ್ಟುಬಿಡುವುದುಂಟು. ಆ ಕಂಪ್ಯೂಟರಿನವನು ನಾನೇ. ನನ್ನ ಕೈಗೆ ಡಿಸ್ಕ್ ಕೊಟ್ಟು ಕಳಿಸಬೇಡಿ. ನನ್ನನ್ನು ಕರೆಸಿ, ನಿಮ್ಮ ಕಟ್ಟಡದಲ್ಲೇ, ನಿಮ್ಮ ಎದುರೇ ಮಾಡಿಸಿ. ಠರಾವು ಬರೆಯುವುದು ಹೇಗೆಂದು ಕೇಳುವವರಿಗೆ ಒಂದು ಮಾದರಿ ಕೆಳಗಿದೆ. ಖಾಲಿ ಜಾಗ ತುಂಬಿಕೊಂಡು ಮುಂದಿನ ಸಭೆಯ ವಿಷಯಪಟ್ಟಿಗೆ ಹಾಕಿ.

“ಠರಾವು: ಸಂಘದ ಡೆಡ್ ಸ್ಟಾಕ್ ರಿಜಿಸ್ಟರಿನಿಂದ ತೆಗೆದುಹಾಕಲು ತೀರ್ಮಾನಿಸಿರುವ ಗಣಕಯಂತ್ರಗಳು, ಡಿವಿಆರ್ ಮತ್ತು ನಕಲು ಯಂತ್ರದ ಹಾರ್ಡ್ ಡಿಸ್ಕ್‌ಗಳಿಗೆ ಸಂಬಂಧಿಸಿ ಯಾವುದೇ ವಿಚಾರಣೆ ಅಥವಾ ದಾವೆ ಬಾಕಿ ಇಲ್ಲವೆಂದೂ, ಬ್ಯಾಕಪ್ ಪ್ರತಿಯನ್ನು ತೆರೆದು ಪರಿಶೀಲಿಸಲಾಗಿದೆ ಎಂದೂ ಕಾರ್ಯದರ್ಶಿಗಳು ದೃಢೀಕರಿಸಿರುವುದರಿಂದ, ಸದರಿ ಡಿಸ್ಕ್‌ಗಳನ್ನು ದಿನಾಂಕ ______ ರಂದು ಸಂಘದ ಕಚೇರಿಯಲ್ಲೇ, ನಿರ್ದೇಶಕರಾದ ______ ಇವರ ಸಮಕ್ಷಮ ಪೂರ್ಣವಾಗಿ ಅಳಿಸಿ, ಪ್ರತಿಯೊಂದರ ಸೀರಿಯಲ್ ನಂಬರ್, ಅಳಿಸಿದ ವಿಧಾನ, ತಪಾಸಣೆಯ ಫಲಿತಾಂಶ ಮತ್ತು ಹಾಜರಿದ್ದವರ ಸಹಿಯನ್ನು ರಿಜಿಸ್ಟರಿನಲ್ಲಿ ದಾಖಲಿಸಿದ ನಂತರವೇ ಯಂತ್ರಗಳನ್ನು ಹೊರಗೆ ಕಳಿಸತಕ್ಕದ್ದು. ಅಳಿಸಲು ಬಾರದ ಡಿಸ್ಕ್‌ಗಳನ್ನು ಬಿಚ್ಚಿ ಒಡೆದು ಪಂಚನಾಮೆ ಮಾಡತಕ್ಕದ್ದು. ಸೂಚಕರು: ______. ಅನುಮೋದಕರು: ______. ಸರ್ವಾನುಮತದಿಂದ ಅಂಗೀಕರಿಸಲಾಯಿತು.”

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಷೇರುದಾರ